ಡಬ್ಬಿಗಳ ಮೇಲಿನ ಮಿಸೆಸ್

ನನ್ನ ಹೆಂಡತಿ ತೀರಿಕೊಂಡು ವರ್ಷ ತುಂಬುವ ಹೊತ್ತಿಗೆ ನಾನು ಮಾಡಬೇಕಾಗಿದ್ದ ಕೆಲಸ ಒಂದೇ ಇತ್ತು. ಅರವತ್ತು ಸ್ಟೀಲ್ ಡಬ್ಬಿಗಳ ಮೇಲೆ ಆಕೆಯ ಹೆಸರು ಕೊರೆಸಿ ನೆಂಟರಿಗೂ ಆಕೆ ಕಲಿಸಿದ ಊರುಗಳ ಮಂದಿಗೂ ಕೊಡುವುದು. ನಮ್ಮ ಕಡೆ ವರ್ಷದ ಕಾರ್ಯಕ್ಕೆ ಹೀಗೆ ಪಾತ್ರೆ ಕೊಡುವ ರೂಢಿಯಿದೆ. ಉಳ್ಳವರು ಕೊಡ ಕೊಡುತ್ತಾರೆ, ಇಲ್ಲದವರು ಲೋಟ. ನಾನು ಎರಡರ ನಡುವಿನವನು, ಅದಕ್ಕೇ ಡಬ್ಬಿ.

ಆಸ್ಪತ್ರೆಯಿಂದ ಮನೆಗೆ ಕರೆದುಕೊಂಡು ಬಂದ ಮೇಲೆ ಆಕೆಯೇ ಈ ಮಾತು ತೆಗೆದಿದ್ದಳು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವಳು ತಿರುಗಿ, "ಪಾತ್ರಿ ಕೊಡೋರಿದ್ರ ನನ್ನ ಹೆಸರು ಹಾಕಿಸ್ರಿ. ನಿಮ್ಮದಲ್ಲ, ನಂದು. ಮತ್ತ ಅಫಜಲಪುರದಾಗ ಆದಂಗ ಆಗಬಾರ್ದು ನೋಡ್ರಿ" ಎಂದಳು. ನಾನು ಹೂಂ ಅಂದೆ. ಆಕೆ ನನ್ನ ಬಳಿ ಇಡೀ ಜನ್ಮದಲ್ಲಿ ಕೇಳಿದ್ದು ಬಹಳ ಕಡಿಮೆ. ಕೇಳಿದವುಗಳಲ್ಲಿ ಅರ್ಧವನ್ನು ನಾನು ಮರೆತಿದ್ದೆ. ಇದೊಂದನ್ನು ಮರೆಯಬಾರದು ಎಂದು ಆವತ್ತೇ ಗಟ್ಟಿ ಮಾಡಿಕೊಂಡೆ.

ಅಫಜಲಪುರದಲ್ಲಿ ಏನಾಗಿತ್ತು ಎಂಬುದನ್ನು ಮೊದಲು ಹೇಳಬೇಕು.

ನಾನು ಬಸ್ ಕಂಡಕ್ಟರ್ ಆಗಿದ್ದವನು. ಹತ್ತನೆಯ ತರಗತಿ ಪಾಸಾಗಿ ಚೀಲ ಹೆಗಲಿಗೆ ಹಾಕಿಕೊಂಡವನು ಆಳಂದ, ಅಫಜಲಪುರ, ಜೇವರ್ಗಿ ದಾರಿಗಳಲ್ಲೇ ಮುದುಕನಾದೆ. ಆಕೆ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮೊದಲು ನಿಂಬರ್ಗಾ ಹತ್ತಿರದ ಒಂದು ಹಳ್ಳಿಯಲ್ಲಿ ಕಲಿಸಿದಳು. ಅಲ್ಲಿ ಆಕೆ ಎಲ್ಲರಿಗೂ 'ಅಕ್ಕೋರು'. ಆಮೇಲೆ ಅಫಜಲಪುರಕ್ಕೆ ವರ್ಗವಾಯಿತು. ಅಲ್ಲಿ ಇಂಗ್ಲಿಷ್ ಪಾಠ ಶುರುವಾದ ಕಾಲ. ಮಕ್ಕಳು ಆಕೆಯನ್ನು 'ಮಿಸ್' ಎಂದು ಕರೆಯತೊಡಗಿದರು. ಆಗ ನಮ್ಮ ಮಗಳಿಗೆ ಆರು ವರ್ಷ. ಮದುವೆಯಾಗಿ ಮಗುವೂ ಆದ ಮೇಲೆ ಮಿಸ್ ಆದವಳು ನನ್ನ ಹೆಂಡತಿಯೊಬ್ಬಳೇ ಇರಬೇಕು ಎಂದುಕೊಂಡಿದ್ದೆ. ವಿಚಾರಿಸಿದರೆ ಶಾಲೆಯ ನಾಲ್ವರು ಶಿಕ್ಷಕಿಯರೂ ಮಿಸ್, ಅವರಲ್ಲೊಬ್ಬರಿಗೆ ಮೊಮ್ಮಗನಿದ್ದ. ಗಂಡಸು ಮಾಸ್ತರರು ಮಾತ್ರ ಎಲ್ಲರೂ 'ಸರ್'. ನಾನು ಬಸ್ಸಿನಿಂದ ಇಳಿದರೆ ಹುಡುಗರು, "ಮಿಸ್ಸರ ಗಂಡ ಬಂದ್ರು" ಎಂದು ಓಡಿಹೋಗಿ ಸುದ್ದಿ ಮುಟ್ಟಿಸುತ್ತಿದ್ದರು.

ಜೇವರ್ಗಿಯಲ್ಲಿ ಆಕೆ 'ಮೇಡಂ' ಆದಳು. ಹೀಗೆ ಮೂರು ತಾಲೂಕಿನಲ್ಲಿ ಮೂರು ಮರ್ಯಾದೆ. ಹೆಸರು ಮಾತ್ರ ಸಂಬಳದ ಪಟ್ಟಿಯಲ್ಲಿ ಇತ್ತು.

ನನ್ನ ವಿಷಯದಲ್ಲಿ ಇಂಥ ಗದ್ದಲವೇ ಇರಲಿಲ್ಲ. ಇಲಾಖೆಯಿಂದ ಬಂದ ಮೊದಲ ಕಾಗದದಲ್ಲಿ ನನ್ನ ಹೆಸರಿನ ಮುಂದೆ 'ಮಿಸ್ಟರ್' ಇತ್ತು. ಮದುವೆಯಾದಾಗಲೂ ಮಿಸ್ಟರ್, ನಿವೃತ್ತನಾದಾಗಲೂ ಮಿಸ್ಟರ್. ಮೊನ್ನೆ ಪಿಂಚಣಿಯ ಕಾಗದ ಬಂತು, ಅದರಲ್ಲೂ ಅದೇ. ಹೆಂಡತಿ ಬಂದಾಗ ಆ ಮಿಸ್ಟರಿಗೆ ತಿಳಿಯಲಿಲ್ಲ, ಹೋದಾಗಲೂ ತಿಳಿದಿಲ್ಲ.

ಬಸ್ಸಿನಲ್ಲೂ ಹೀಗೆಯೇ. ಗಂಡಸರನ್ನು ಕರೆಯುವುದು ಸಲೀಸು. ಬಿಳಿ ಅಂಗಿಯಾದರೆ 'ಸಾಹುಕಾರ್ರ', ಉಳಿದವರಿಗೆಲ್ಲ 'ಯಣ್ಣಾ'. ಯಾರೂ ಸಿಟ್ಟಾಗುವುದಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ಮಾತ್ರ ಹಾಗಲ್ಲ. ಅಕ್ಕಾ ಅನ್ನಬೇಕೋ, ಬಾಯಿ ಅನ್ನಬೇಕೋ, ಆಪಾ ಅನ್ನಬೇಕೋ, ಖಾಲಾ ಅನ್ನಬೇಕೋ ಎಂದು ಎರಡು ಸೀಟು ದೂರದಿಂದಲೇ ನೋಡಿ ತೀರ್ಮಾನಿಸಬೇಕು. ಒಮ್ಮೆ ತಲೆ ನರೆತ ಒಬ್ಬರಿಗೆ, "ಆಯಿ, ಜರಾ ಮುಂದ ಸರೀರಿ" ಎಂದೆ.

"ಯಾರಿಗಿ ಆಯಿ ಅಂತಿ?" ಎಂದು ಆಕೆ ತಿರುಗಿದರು. "ನಿಮ್ಮವ್ವಗ ಎಷ್ಟು ವಯಸ್ಸು ಅದ, ಅದನ್ನ ಮೊದ್ಲು ಹೇಳು."

ಬಸ್ಸಿಗೆ ಬಸ್ಸೇ ನಕ್ಕಿತು. ಆಕೆ ಜೇವರ್ಗಿ ಮುಟ್ಟುವವರೆಗೂ ಒಂದು ಹೆಜ್ಜೆ ಮುಂದೆ ಸರಿಯಲಿಲ್ಲ. ಮನೆಗೆ ಬಂದು ಹೇಳಿದರೆ ಹೆಂಡತಿ, "ಗೊತ್ತಿಲ್ಲಂದ್ರ ಬರೀ 'ರೀ' ಅನ್ರಿ. ಅಷ್ಟರಾಗ ಎಲ್ಲಾ ಬಂತು" ಎಂದಳು. ಅಂದಿನಿಂದ ನಿವೃತ್ತಿಯವರೆಗೆ ಆ 'ರೀ' ನನ್ನನ್ನು ಕಾಪಾಡಿತು.

ಈಗ ಅಫಜಲಪುರ. ಅಲ್ಲಿಂದ ಆಕೆಗೆ ವರ್ಗವಾದಾಗ ಶಾಲೆಯವರು ಬೀಳ್ಕೊಡುಗೆ ಇಟ್ಟುಕೊಂಡರು. ಅಲ್ಲಿನ ಹೆಡ್‌ಮಾಸ್ತರರಿಗೆ ಇಂಗ್ಲಿಷಿನ ಮೇಲೆ ಬಲು ಪ್ರೀತಿ. ಕಟ್ಟಿಗೆಯ ದೊಡ್ಡ ಶೀಲ್ಡ್ ಮಾಡಿಸಿ ತಂದಿದ್ದರು. ಹಿತ್ತಾಳೆ ತಗಡಿನ ಮೇಲೆ, ಹನ್ನೊಂದು ವರ್ಷ ಮಕ್ಕಳಿಗೆ ವಿದ್ಯೆ ಕೊಟ್ಟದ್ದಕ್ಕಾಗಿ ಎಂದು ಇಂಗ್ಲಿಷಿನಲ್ಲಿ ಬರೆದು, ಕೆಳಗೆ 'ಮಿಸೆಸ್' ಎಂದು ಹಾಕಿ, ಅದರ ಮುಂದೆ ದಪ್ಪ ಅಕ್ಷರದಲ್ಲಿ ನನ್ನ ಹೆಸರು.

ಆಕೆ ಶೀಲ್ಡನ್ನು ಎರಡು ಸಲ ಓದಿ, "ಸರ್, ಇದು ನಮ್ಮ ಮನೆಯವರ ಹೆಸರು ಅದರಿ" ಎಂದಳು.

"ಹೌದ್ರಿ ಮಿಸ್, ಇಂಗ್ಲಿಷಿನ್ಯಾಗ ಹಂಗೇ ಬರೀಬೇಕು" ಎಂದರು ಹೆಡ್‌ಮಾಸ್ತರರು. "ಮದುವಿಯಾದವರಿಗಿ ಮಿಸೆಸ್ ಅಂತ ಹಾಕಿ ಗಂಡನ ಹೆಸರು ಬರೀತಾರ. ಅದು ಭಾಳ ಮರ್ಯಾದಿ."

ಆ ಮರ್ಯಾದೆ ನಮ್ಮ ಪಡಸಾಲೆಯ ಗೋಡೆಯ ಮೇಲೆ ಇಪ್ಪತ್ತು ವರ್ಷ ನೇತಾಡಿತು. ಬಂದವರು ಓದಿ, "ಕಂಡಕ್ಟರಿಕಿ ಮಾಡೂಕಿಂತ ಮೊದ್ಲು ಸಾಲಿ ಕಲಿಸ್ತಿದ್ರೇನ್ರಿ?" ಎಂದು ನನ್ನನ್ನು ಕೇಳುತ್ತಿದ್ದರು. ಒಬ್ಬರು ತಮ್ಮ ಮಗನಿಗೆ ಗಣಿತ ಹೇಳಿಕೊಡಿ ಎಂದು ಕರೆದುಕೊಂಡೇ ಬಂದಿದ್ದರು. ಆಕೆ ಒಳಗಿನಿಂದ ಚಹಾ ತಂದಿಟ್ಟು, "ಮಾಸ್ತರ್ರು ಈಗ ಭಾಗಾಕಾರ ಮರ್ತಾರ, ಕೂಡೋದು ಅಷ್ಟ ಬರ್ತದ" ಎಂದು ನನ್ನ ಕಡೆ ನೋಡದೆ ಹೋಗುತ್ತಿದ್ದಳು. ನಗುತ್ತಲೇ ಹೇಳುತ್ತಿದ್ದಳು. ನಗು ಎಲ್ಲಿಯವರೆಗೆ, ನೋವು ಎಲ್ಲಿಂದ ಎಂದು ನಾನು ನೋಡಲಿಲ್ಲ.

ಜೇವರ್ಗಿಯಲ್ಲಿದ್ದಾಗ ಒಮ್ಮೆ ತರಬೇತಿಗೆ ಹೋಗಿ ಬಂದವಳು ಚಪ್ಪಲಿ ಬಿಡುವ ಮೊದಲೇ ಸುದ್ದಿ ಹೇಳಿದ್ದಳು. "ಇಂಗ್ಲಿಷಿನ್ಯಾಗ ಇನ್ನೊಂದು ಬಂದದಂತ್ರಿ. ಮಿಸ್ ಅಂದ್ರ ಮದುವಿ ಆಗಿಲ್ಲ, ಮಿಸೆಸ್ ಅಂದ್ರ ಆಗೇದ. ಇದು 'ಮಿಜ್' ಅಂತ. ಆಗೇದೋ ಇಲ್ಲೋ ನಿಮಗ್ಯಾಕ ಬೇಕು ಅಂತ ಅದರರ್ಥ."

"ಗಂಡಸರಿಗೂ ಹೊಸದು ಬಂದದೇನು?" ಎಂದೆ.

"ನಿಮಗ ಹಳೇದೇ ಹಂಗ ಅದ" ಎಂದಳು.

ಇಷ್ಟೆಲ್ಲ ಇದ್ದುದರಿಂದ, ವರ್ಷದ ಕಾರ್ಯ ಹತ್ತಿರ ಬಂದಾಗ ನಾನು ಬಹಳ ಹುಷಾರಾಗಿದ್ದೆ. ನಿವೃತ್ತಿಯ ಮೇಲೆ ನಾವು ನೆಲೆಸಿದ್ದು ಆಳಂದದಲ್ಲಿ. ಅಲ್ಲಿನ ಪಾತ್ರೆ ಅಂಗಡಿಗೆ ನಾನೇ ಹೋಗಿ ಡಬ್ಬಿ ಆರಿಸಿದೆ. ಅಂಗಡಿಯ ಕಟ್ಟೆಯ ಮೇಲೆ ಹೆಸರು ಕೊರೆಯುವ ಮಷಿನ್ ಇಟ್ಟುಕೊಂಡು ಕೂಡುವವರು ಒಬ್ಬ ಹಿರಿಯರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಾರೆ. ಊರಿನ ಎಲ್ಲ ಮನೆಗಳ ಪಾತ್ರೆಯ ಮೇಲೂ ಅವರ ಕೈಬರಹವಿದೆ. ಒಂದು ಚೀಟಿಯಲ್ಲಿ ಆಕೆಯ ಹೆಸರನ್ನು ಕನ್ನಡದಲ್ಲಿ ದುಂಡಗೆ ಬರೆದು ಅವರ ಕೈಗೆ ಕೊಟ್ಟೆ. ಮುಂದೆ ಶ್ರೀಮತಿ ಇಲ್ಲ, ಹಿಂದೆ ಏನೂ ಇಲ್ಲ, ಹೆಸರಷ್ಟೇ.

"ಇಷ್ಟೇ ಏನ್ರಿ ಕಂಡಕ್ಟರ್ ಸಾಬ್?" ಎಂದರು ಚಾಚಾ.

"ಇಷ್ಟೇ."

ಮಾರನೆಯ ದಿನ ನಾನು ಜನರನ್ನು ಕರೆಯಲು ನಿಂಬರ್ಗಾ ಕಡೆ ಹೋದೆ. ಮಗಳಿರುವುದು ದೂರದ ಊರಲ್ಲಿ, ಹಾಗಾಗಿ ಡಬ್ಬಿ ತರಲು ಹೆಂಡತಿಯ ತಮ್ಮನಿಗೆ ಹೇಳಿದ್ದೆ. ಅವನು ಜೇವರ್ಗಿಯಲ್ಲಿ ಒಂದು ಕಚೇರಿಯ ಗುಮಾಸ್ತ. ಅಕ್ಕನೆಂದರೆ ಪ್ರಾಣ. ದಿನವಿಡೀ ಇಂಗ್ಲಿಷ್ ಪತ್ರ ಬರೆಯುವವನಾದ್ದರಿಂದ ಮರ್ಯಾದೆಯ ವಿಷಯದಲ್ಲಿ ಅಫಜಲಪುರದ ಹೆಡ್‌ಮಾಸ್ತರರ ಸಮ. ಅವನು ಅರ್ಧ ಡಬ್ಬಿಗಳನ್ನು ಜೇವರ್ಗಿಗೆ ಒಯ್ದು, ಕಾರ್ಯಕ್ಕೆ ಬರಲಾಗದವರ ಮನೆಗಳಿಗೆ ಅಂದೇ ಹಂಚಿ ಮುಗಿಸಿದ. ಉಳಿದ ಅರ್ಧವನ್ನು ಚೀಲ ಕಟ್ಟಿಸಿ ನನ್ನ ಮನೆಯಲ್ಲಿ ಇಳಿಸಿ ಹೋಗಿದ್ದ.

ಮರುದಿನ ಮಧ್ಯಾಹ್ನ ನಾನು ತಿರುಗಿ ಬಂದು ಚೀಲ ಬಿಚ್ಚುವ ಮೊದಲೇ ಫೋನ್ ಬಂತು. ಜೇವರ್ಗಿಯಿಂದ, ಹೆಂಡತಿಯ ಕಡೆಯ ಒಬ್ಬ ದೂರದ ನೆಂಟ.

"ಯಾರು ಮಾತಾಡಾಕತ್ತೀರಿ?" ಎಂದ.

"ನಾನ್ರಿ, ಕಂಡಕ್ಟರ್."

"ಕಂಡಕ್ಟರ್ ಅಂದ್ರ... ಅಕ್ಕೋರ ಮನೆಯವರೇನ್ರಿ?"

"ಹೌದ್ರಿ."

"ಆರಾಮ ಇದ್ದೀರೇನ್ರಿ?"

"ಆರಾಮ ಅದೀನ್ರಿ."

"ಹಂಗಾರ ಇರ್ಲಿ ಬಿಡ್ರಿ" ಎಂದು ಇಟ್ಟುಬಿಟ್ಟ.

ಎರಡನೆಯ ಫೋನ್ ನನ್ನ ಜೊತೆ ಹನ್ನೆರಡು ವರ್ಷ ಬಸ್ಸು ಓಡಿಸಿದ ಡ್ರೈವರನದು. ಅವನೂ ಜೇವರ್ಗಿಯವನು. ಎತ್ತಿದಾಗ ಅಳುತ್ತಿದ್ದ. ನನ್ನ ದನಿ ಕೇಳಿ ಅಳು ನಿಂತಿತು, ಬೈಗುಳ ಶುರುವಾಯಿತು. "ಲೇ, ಬದುಕಿದ್ದೀ ಅಂದ್ರ ಒಂದು ಮಾತು ಹೇಳಬಾರ್ದೇನಲೇ? ಮುಂಜಾನಿಂದ ಉಪಾಸ ಕುಂತೀನಿ ನಾ. ಹೆಂಡ್ತಿ ನೀರೂ ಕುಡೀಗೊಟ್ಟಿಲ್ಲ. ಮಣ್ಣಿಗಿ ಎಷ್ಟೊತ್ತಿಗಿ ಹೋಗೋದು ಅಂತ ಕೇಳಾಕ ಫೋನ್ ಹಚ್ಚೀನಿ."

"ಯಾರ ಮಣ್ಣಿಗಿ?"

"ನಿಂದು ಮತ್ತ. ಮನಿಗಿ ಡಬ್ಬಿ ಬಂದದ."

ಚೀಲ ಬಿಚ್ಚಿದೆ. ಮೂವತ್ತು ಡಬ್ಬಿಗಳ ಮೇಲೆ ಇಂಗ್ಲಿಷಿನಲ್ಲಿ 'ಲೇಟ್' ಎಂದು ದೊಡ್ಡದಾಗಿ, 'ಮಿಸೆಸ್' ಎಂದು ಸಣ್ಣದಾಗಿ ಕೊರೆದು, ಅದರ ಮುಂದೆ ನನ್ನ ಹೆಸರನ್ನು ಮತ್ತೆ ದೊಡ್ಡದಾಗಿ ಕೊರೆದಿತ್ತು. ಡ್ರೈವರನಿಗೆ ಸಣ್ಣಕ್ಷರ ಕಾಣುವುದಿಲ್ಲ. ಮೊದಲ ಲೇಟ್, ಕೊನೆಯ ನಾನು, ಇಷ್ಟನ್ನು ಓದಿ, ಪಾತ್ರೆ ಕೊಡುವುದು ವರ್ಷಕ್ಕೆ ಎಂಬುದನ್ನೂ ಮರೆತಿದ್ದಾನೆ. ಜೇವರ್ಗಿಯ ಅರ್ಧ ಊರು ಹೀಗೇ ಓದಿತ್ತು.

ನಾನು ನೆಲದ ಮೇಲೆ ಕುಳಿತೆ. ನಾನು ಸತ್ತದ್ದಕ್ಕೆ ನನಗೆ ಬೇಜಾರಿರಲಿಲ್ಲ. ಆಕೆ ಕೊನೆಗೆ ಕೇಳಿದ್ದು ಇದೊಂದೇ. ಅದರಲ್ಲೂ ಆಕೆಯ ಜಾಗದಲ್ಲಿ ನಾನೇ ಹೋಗಿ ಕುಳಿತಿದ್ದೆ. ಇನ್ನೊಮ್ಮೆ ಬಂದು ಕೇಳುವಂತೆಯೂ ಇಲ್ಲ.

ಮರುದಿನ ಚಾಚಾನ ಹತ್ತಿರ ಹೋದೆ. ಅವರು ಕೈ ಎತ್ತಿಬಿಟ್ಟರು. "ನಂದೇನು ಖಸೂರ್ ಅದ ಕಂಡಕ್ಟರ್ ಸಾಬ್? ನಿಮ್ಮ ಸಾಲೇ ಸಾಬ್, ಬೇಗಂ ಸಾಹೇಬರ ತಮ್ಮ, ಬಂದ್ರು. ಫೋನಿನ್ಯಾಗ ಶೀಲ್ಡಿನ ಫೋಟೋ ತೋರ್ಸಿದ್ರು. ಹಿಂಗೇ ಹಾಕು, ಮುಂದ ಲೇಟ್ ಹಚ್ಚು ಅಂದ್ರು. ನಾ ಹಾಕ್ದೆ."

ಅಳಿಸಲು ಬರುತ್ತದೆಯೇ ಎಂದು ಕೇಳಿದೆ.

"ಸ್ಟೀಲ್ ಅದ, ಅಳಸಂಗಿಲ್ಲ. ಮ್ಯಾಲ ಬಳ್ಳಿ ಹಾಕ್ತೀನಿ, ಎಲಿ ಹಾಕ್ತೀನಿ, ಹೂ ಹಾಕ್ತೀನಿ. ನೀವು ಒಳಗ ಮುಚ್ಚಿ ಹೋಗ್ತೀರಿ. ಕೆಳಗ ಬೇಗಂ ಸಾಹೇಬರ ಹೆಸರು."

ಮನೆಯಲ್ಲಿದ್ದ ಮೂವತ್ತಕ್ಕೆ ಅಂದೇ ಬಳ್ಳಿ ಹಬ್ಬಿತು. ಜೇವರ್ಗಿಯ ಮೂವತ್ತು ಉಳಿದವು. ಸತ್ತವರ ಹೆಸರಿನಲ್ಲಿ ಕೊಟ್ಟದ್ದನ್ನು ತಿರುಗಿ ಇಸಿದುಕೊಳ್ಳಬಾರದು ಎಂದು ನಮ್ಮಲ್ಲಿ ಬಲವಾದ ನಂಬಿಕೆ. ಡಬ್ಬಿ ನಮ್ಮ ಕಡೆ ಬರುವಂತಿಲ್ಲ ಎಂದ ಮೇಲೆ ಮಷಿನ್ನೇ ಡಬ್ಬಿಯ ಕಡೆ ಹೋಗಬೇಕು. ಚಾಚಾ ಒಪ್ಪಿದರು. ಮಷಿನನ್ನು ಟವೆಲ್ಲಿನಲ್ಲಿ ಸುತ್ತಿ, ಉದ್ದನೆಯ ವೈರು ಹೆಗಲಿಗೆ ಹಾಕಿಕೊಂಡು ನನ್ನ ಜೊತೆ ಜೇವರ್ಗಿ ಬಸ್ಸು ಹತ್ತಿದರು.

ಹೆಂಡತಿಯ ತಮ್ಮ ಬಸ್‌ಸ್ಟ್ಯಾಂಡಿಗೆ ಬಂದಿದ್ದ.

"ಲೇ ತಮ್ಮಾ, ಚೀಟಿ ಮ್ಯಾಲ ಏನು ಬರದಿದ್ದೆ ನಾ?" ಎಂದೆ.

"ಅಕ್ಕನ ಹೆಸರು."

"ಡಬ್ಬಿ ಮ್ಯಾಲ ಏನು ಬರಸಿದಿ?"

"ಅಕ್ಕನ ಹೆಸರೇ ಮಾಮಾ. ಮರ್ಯಾದಿಲೆ ಬರಸೀನಿ, ಅಷ್ಟ."

"ಅದು ನನ್ನ ಹೆಸರು ಅದನೋ."

"ಮುಂದ ಮಿಸೆಸ್ ಅದ ಅಲ್ರಿ. ಮಿಸೆಸ್ ಇದ್ರ ಅಕ್ಕ, ಮಿಸೆಸ್ ತಗದ್ರ ನೀವು." ಕಚೇರಿಯ ಕಡತ ವಿವರಿಸುವವನಂತೆ ಹೇಳಿದ. "ಬರೀ ಹೆಸರು ಹಾಕಿದ್ರ ಹಾಜರಿ ಕರದಂಗ ಆಗ್ತದ. ಮೂವತ್ತೈದು ವರ್ಷ ಸಾಲಿ ಕಲಿಸ್ಯಾಳ ಆಕಿ. ಬರೀ ಹೆಸರಿಲೆ ಹೋಗಬೇಕೇನು?"

ಅವನ ಕಣ್ಣಲ್ಲಿ ನೀರಿತ್ತು. ಅದಕ್ಕೇ ಜಗಳ ಮುಂದುವರಿಸಲಿಲ್ಲ. "ಬರೀ ಹೆಸರೇ ಆಕಿ ಕೇಳಿದ್ದು" ಎಂದೆ. ಅವನು ಆ ವಿಷಯ ಕೇಳಿರಲಿಲ್ಲ. ಚಾಚಾನ ಹೆಗಲ ಮೇಲಿದ್ದ ವೈರನ್ನು ತಾನು ತೆಗೆದುಕೊಂಡ.

ಮೊದಲ ಮನೆ ನಮ್ಮ ಹಳೆಯ ನೆರೆಯವರದು. ಹದಿನೈದು ವರ್ಷ ಗೋಡೆಗೆ ಗೋಡೆ ಹತ್ತಿ ಇದ್ದೆವು. ನೆರೆಮನೆಯಾಕೆ ಬಾಗಿಲು ತೆಗೆದು, ನನ್ನ ಪಾದಗಳ ಕಡೆ ನೋಡಿದರು. ಇರಬೇಕಾದ ಕಡೆ ಇವೆ ಎಂದು ಖಾತ್ರಿಯಾದ ಮೇಲೆ "ಬರ್ರಿ, ಕೂಡ್ರಿ" ಎಂದರು. ವಿಷಯ ಹೇಳಿದೆ. ಡಬ್ಬಿಯಲ್ಲಿದ್ದ ಖಾರಪುಡಿಯನ್ನು ಒಂದು ತಟ್ಟೆಗೆ ಸುರಿದರು. ಅದನ್ನು ಸುರಿದ ರಭಸಕ್ಕೆ ನಾವು ನಾಲ್ವರೂ ಸೀನಿದೆವು. ಚಾಚಾ ಡಬ್ಬಿಯನ್ನು ಮಂಡಿಯ ಮೇಲಿಟ್ಟುಕೊಂಡು ನನ್ನ ಹೆಸರಿನ ಮೇಲೆ ಬಳ್ಳಿ ಬಿಡಿಸಿದರು. ಆಮೇಲೆ, "ಹೆಸರು ಹೇಳ್ರಿ" ಎಂದರು.

ಚೀಟಿ ಚಾಚಿದೆ.

"ಚಶ್ಮಾ ಅಂಗಡ್ಯಾಗ ಉಳೀತು. ಬರೆಯೋದು ಕೈಗಿ ಗೊತ್ತದ, ಓದಾಕ ಅಷ್ಟ ಚಶ್ಮಾ ಬೇಕು. ಬಾಯಿಲೆ ಹೇಳ್ರಿ."

ನಾನು ಚೀಟಿಯನ್ನೇ ಇನ್ನಷ್ಟು ಮುಂದೆ ಹಿಡಿದೆ. ಆಕೆಯ ಹೆಸರನ್ನು ನಾನು ಜನರ ಮುಂದೆ ಹೇಳಿದ್ದು ಒಂದೇ ಸಲ, ಮದುವೆಯ ದಿನ ಹೆಂಗಸರು ಅಡ್ಡಗಟ್ಟಿ ಹೆಸರು ಸೇರಿಸಿದ ಒಡಪು ಹೇಳಿಸಿದಾಗ. ಆಮೇಲೆ ಮನೆಯಲ್ಲಿ 'ಕೇಳಾಕತ್ತೀಯೇನು' ಎಂದರೆ ಆಕೆ ಬರುತ್ತಿದ್ದಳು. ಚಹಾ ಬೇಕಾದಾಗ 'ಅಕ್ಕೋರೇ' ಎನ್ನುತ್ತಿದ್ದೆ. ಹೊರಗೆ 'ನಮ್ಮ ಮನ್ಯಾಗಿನವರು'. ಆಸ್ಪತ್ರೆಯಲ್ಲಿ ಪೇಷಂಟಿನ ಹೆಸರೇನು ಎಂದು ನರ್ಸ್ ಕೇಳಿದಾಗಲೂ ನಾನು ಆಧಾರ್ ಕಾರ್ಡ್ ಮುಂದೆ ಹಿಡಿದಿದ್ದೆ. ಅಫಜಲಪುರದವರು ಒಂದು ಶೀಲ್ಡಿನಲ್ಲಿ ಮಾಡಿದ್ದನ್ನು ನಾನು ದಿನಾ ಮಾಡಿದ್ದೆ.

ಮೆಲ್ಲಗೆ ಹೇಳಿದೆ.

"ಕೇಳಲಿಲ್ಲ" ಎಂದರು ಚಾಚಾ. ಮಷಿನ್ ಕಿರ್ರೆನ್ನುತ್ತಿತ್ತು. "ಜೋರಿಲೆ ಹೇಳ್ರಿ. ಬಸ್ಸಿನ್ಯಾಗ ಊರ ಹೆಸರು ಕೂಗಿಲ್ಲೇನು ನೀವು?"

ಆ ಮಾತು ಕೇಳಿದ್ದೇ ತಡ, ಬಾಗಿಲ ಬಳಿ ನಿಂತು ಸ್ಟಾಪ್ ಕೂಗುವ ಕಂಡಕ್ಟರನ ದನಿ ತಾನಾಗಿ ಹೊರಟಿತು. ಹೆಸರು ಓಣಿಗೆಲ್ಲ ಕೇಳಿಸಿತು. ಎದುರುಮನೆಯವರು, ಯಾರೋ ಯಾರನ್ನೋ ಕರೆಯುತ್ತಿದ್ದಾರೆ ಎಂದು ಹೊರಗೆ ಬಂದು ನೋಡಿದರು.

ನೆರೆಮನೆಯಾಕೆ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟರು. "ಮೇಡಂ ಹೆಸರು ಇದೇನ್ರಿ? ಎಷ್ಟು ಚಂದ ಅದ. ಹದಿನೈದು ವರ್ಷ ಸಕ್ರಿ, ಚಹಾಪುಡಿ, ಮೊಸರಿನ ಹೆಪ್ಪು, ಎಲ್ಲಾ ಇಸ್ಕೊಂಡೇವ್ರಿ. ಹೆಸರು ಅಷ್ಟ ಕೇಳಿಲ್ಲ."

"ಮುಂದ ಏನಾರ ಹಾಕ್ಲೇನು?" ಎಂದರು ಚಾಚಾ. "ಶ್ರೀಮತಿ? ಮಿಸೆಸ್?"

ನಾನು ಬಾಯಿ ತೆಗೆಯುವ ಮೊದಲೇ ಹೆಂಡತಿಯ ತಮ್ಮ, "ಏನೂ ಬ್ಯಾಡ್ರಿ ಚಾಚಾ" ಎಂದ.

ಎರಡು ದಿನ ಹೀಗೆ ಮನೆ ಮನೆ ಹತ್ತಿದೆವು. ಒಂದು ಮನೆಯಲ್ಲಿ ಕರೆಂಟು ಹೋಗಿ, ನನ್ನ ಹೆಸರು ಅರ್ಧ ಮುಚ್ಚಿ ಅರ್ಧ ತೆರೆದು ಒಂದು ತಾಸು ಕುಳಿತೆವು. ಡ್ರೈವರನ ಮನೆಯಲ್ಲಿ ಅವನ ಹೆಂಡತಿ, ಗಂಡ ಮಾಡಿದ ಉಪವಾಸ ದಂಡವಾಗಬಾರದೆಂದು ನನಗೆ ಎರಡು ರೊಟ್ಟಿ ಹೆಚ್ಚು ಬಡಿಸಿದರು. ಅಫಜಲಪುರದಲ್ಲಿ ಆಕೆಯ ಬಳಿ ಕಲಿತು ಜೇವರ್ಗಿಗೆ ಸೊಸೆಯಾಗಿ ಬಂದವಳೊಬ್ಬಳು, ಈಗ ಎರಡು ಮಕ್ಕಳ ತಾಯಿ, ಡಬ್ಬಿಯನ್ನು ಕೊಡಲೇ ಇಲ್ಲ. "ಮಿಸ್ ಅಂತ ಹಾಕಿದ್ರ ಕೊಡ್ತೇನಿ. ನನಗ ಆಕಿ ಮಿಸ್ಸೇ. ಈ ಹೆಸರಿನವರು ಯಾರೋ ನನಗ ಗೊತ್ತಿಲ್ಲ" ಎಂದಳು. ಅರ್ಧ ತಾಸು ವಾದವಾಯಿತು. ಕೊನೆಗೆ ಹೆಸರು ಡಬ್ಬಿಯ ಮೇಲೆ, ಮಿಸ್ ಮುಚ್ಚಳದ ಒಳಮೈಗೆ ಎಂದು ಒಪ್ಪಂದವಾಯಿತು. ತೆರೆದಾಗ ಅವಳಿಗೆ ಮಾತ್ರ ಕಾಣಬೇಕಂತೆ. ಇದಕ್ಕೆ ಆಕೆ ಒಪ್ಪುತ್ತಿದ್ದಳು ಎಂದುಕೊಂಡಿದ್ದೇನೆ.

ಇಪ್ಪತ್ತನೆಯ ಮನೆಯ ಹೊತ್ತಿಗೆ ಚಾಚಾನ ಕೈ ಸೋತು ಬಳ್ಳಿಯಲ್ಲಿ ಎಲೆ ಕಡಿಮೆಯಾದವು. ಕೊನೆಯ ಮನೆಗಳಲ್ಲಿ ನಾನು ಬರೀ ಗೀರುಗಳ ಕೆಳಗೆ ಮುಚ್ಚಿಹೋದೆ. ನನ್ನ ದನಿ ಮಾತ್ರ ದಾರಿಗೆ ಬಂತು. ಕೂಗುವುದೂ ಬೇಕಾಗಲಿಲ್ಲ, ತಡವರಿಸುವುದೂ ಆಗಲಿಲ್ಲ. ಚಾಚಾ ಹೇಳ್ರಿ ಎಂದರೆ ಹೇಳುತ್ತಿದ್ದೆ. ಚಾಚಾನಿಗೆ ಅದು ಎಂದೋ ಬಾಯಿಪಾಠವಾಗಿತ್ತು, ಆದರೂ ಪ್ರತಿ ಮನೆಯಲ್ಲೂ ಕೇಳುತ್ತಿದ್ದರು. ಯಾಕೆಂದು ನಾನು ವಿಚಾರಿಸಲಿಲ್ಲ.

ಎರಡು ತಿಂಗಳ ಮೇಲೆ ಹೆಂಡತಿಯ ತಮ್ಮನ ಮನೆಗೆಂದು ಜೇವರ್ಗಿಗೆ ಹೋದಾಗ ನೆರೆಮನೆಯಾಕೆ ದಾರಿಯಲ್ಲಿ ಸಿಕ್ಕು, ಊಟ ಮಾಡಿಯೇ ಹೋಗಬೇಕೆಂದು ಎಳೆದುಕೊಂಡು ಹೋದರು. ತಟ್ಟೆಗೆ ಪಲ್ಯ ಬಡಿಸಿ, ತಮ್ಮ ಅಂಗೈಗೆ ಚೂರು ಹಾಕಿಕೊಂಡು ರುಚಿ ನೋಡಿದರು. ಖಾರ ಸಾಲದು ಅನ್ನಿಸಿರಬೇಕು. ಅಡುಗೆಮನೆಯ ಕಡೆ ತಿರುಗಿ ಸೊಸೆಗೆ ನನ್ನ ಹೆಂಡತಿಯ ಹೆಸರು ಹೇಳಿ, "ಜರಾ ಈ ಕಡಿ ತಗೊಂಡು ಬಾರ ಬೇ" ಎಂದರು.

ಒಳಗಿನಿಂದ ಸೊಸೆ, ಅದೇ ಹೆಸರು ಹಿಡಿದು, "ಖಾಲಿ ಆಗ್ಯಾಳ ಅತ್ತಿ, ತುಂಬಿಕೊಂಡು ತರ್ತೀನಿ" ಎಂದಳು.

ನಾನು ಊಟ ನಿಲ್ಲಿಸಿದ್ದನ್ನು ಕಂಡು ನೆರೆಮನೆಯಾಕೆಗೆ ಗಾಬರಿಯಾಯಿತು. "ತಪ್ಪು ತಿಳಕೋಬ್ಯಾಡ್ರಿ. ಡಬ್ಬಿ ಭಾಳ ಅದಾವ ನೋಡ್ರಿ ನಮ್ಮಲ್ಲಿ. ಹೆಸರಿಲೆ ಕರದ್ರ ಲಗೂನ ಸಿಗ್ತಾವ. ದಿನಾ ಎರಡು ಹೊತ್ತು ಕರೀತೇವ್ರಿ."

"ಕರೀರಿ" ಎಂದೆ.